ದಿನಕ್ಕೆರಡು ಸಲ ನೀರಿಗಿಳಿದರೆ ಮಾತ್ರ ಈಜುಗಾರರೇ?

ಅತ್ತಾವರದ ಪಕ್ಕದ ಎಮ್ಮೆಕೆರೆಯಲ್ಲಿ ಸ್ಮಾರ್ಟ್ ಸಿಟಿ ಹಣದಿಂದ 50 ಮೀಟರ್ ಈಜುಕೊಳ ಆಗಿದೆ. 2023ರಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಸ್ಪರ್ಧೆಯೂ ನಡೆಯಿತು. ಸಂತೋಷ. ಆದರೆ ಹಳ್ಳಿ ಮಕ್ಕಳನ್ನು ಸ್ಪರ್ಧೆಯಿಂದ ದೂರ ಇಡುವ ಒಂದು ಮಾತು ಇನ್ನೂ ಹೋಗಿಲ್ಲ: "ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಈಜದವರು ಈಜುಗಾರರೇ ಅಲ್ಲ."

ನಾವು ಇದನ್ನು ಒಪ್ಪುವುದಿಲ್ಲ.

ಬಂಟ್ವಾಳದಿಂದಾಚೆಯ ಹುಡುಗಿ ಬೆಳಿಗ್ಗೆ ಐದೂವರೆಗೆ ಕೊಳದಲ್ಲಿರಬೇಕಾದರೆ ಎಷ್ಟಕ್ಕೆ ಏಳಬೇಕು? ಸಂಜೆಯದ್ದೂ ಮುಗಿಸಿ ಮನೆ ಸೇರಿದ ಮೇಲೆ ಓದು ಯಾವಾಗ, ನಿದ್ದೆ ಯಾವಾಗ? ಅವಳು ಬಿಟ್ಟರೆ "ಹಳ್ಳಿಯವರಿಗೆ ಶಿಸ್ತಿಲ್ಲ" ಅನ್ನುತ್ತಾರೆ. ಇಲ್ಲದ್ದು ಶಿಸ್ತಲ್ಲ ಮಾರಾಯ್ರೆ, ಬಸ್ಸು!

ಅಮೆರಿಕದ ವಿಜ್ಞಾನಿ ಡೇವಿಡ್ ಕಾಸ್ಟಿಲ್ ತಂಡ 1991ರಲ್ಲೇ ಒಂದು ಅಧ್ಯಯನ ಪ್ರಕಟಿಸಿತ್ತು. ಕಾಲೇಜು ಈಜುಗಾರರ ಒಂದು ಗುಂಪಿಗೆ ದಿನಕ್ಕೆ ಒಂದೂವರೆ ಗಂಟೆ, ಇನ್ನೊಂದು ಗುಂಪಿಗೆ ಆರು ವಾರ ಅದರ ದುಪ್ಪಟ್ಟು. ದುಪ್ಪಟ್ಟು ಈಜಿದವರಿಗೆ ಹೆಚ್ಚಿನ ಲಾಭ ಸಿಗಲಿಲ್ಲ. ಆ ಅವಧಿಯಲ್ಲಿ ಅವರ ಸ್ಪ್ರಿಂಟ್ ವೇಗವೇ ಕುಗ್ಗಿತ್ತು. 1500 ಮೀಟರ್ ಈಜುವವರಿಗೆ ಹೆಚ್ಚು ದೂರ ಬೇಕಾದೀತು, ಸರಿ. 50, 100 ಮೀಟರಿನ ಮಕ್ಕಳನ್ನೂ ಅದೇ ಗಾಣಕ್ಕೆ ಕಟ್ಟುವುದು ಯಾಕೆ?

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡರಷ್ಟಾದರೆ ನೀರಿನ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಅಲ್ಲಿ ಬರೀ ತೋಳ್ಬಲ ಸಾಕಾಗದು. ಹೊಳೆಯಲ್ಲಿ ಕಲಿತ ನಮ್ಮ ಮಕ್ಕಳು ತಲೆ ಎತ್ತಿ ಈಜುತ್ತಾರೆ. ಹೊಳೆಯಲ್ಲಿ ಅದು ಜಾಣತನ, ಎದುರು ಏನು ಬರುತ್ತದೆಂದು ನೋಡಬೇಕಲ್ಲ. ಕೊಳದಲ್ಲಿ ಮಾತ್ರ ತಲೆ ಎದ್ದರೆ ಸೊಂಟ ಮುಳುಗುತ್ತದೆ, ಇಡೀ ದೇಹ ನೀರಿಗೆ ಅಡ್ಡ ನಿಲ್ಲುತ್ತದೆ. ಅದನ್ನು ತಿದ್ದದೆ "ಇನ್ನೂ ಹತ್ತು ರೌಂಡ್" ಎಂದು ಕೂಗಿದರೆ ತಪ್ಪೇ ಗಟ್ಟಿಯಾಗುತ್ತದೆ.

ಒಂದು ಗಂಟೆಯಲ್ಲೇ ಎಷ್ಟೋ ಮಾಡಬಹುದು. ಮೈ ಬಿಸಿಯಾದ ಮೇಲೆ ಹದಿನೈದು ನಿಮಿಷ ದೇಹದ ಭಂಗಿ, ಉಸಿರು. ಆಮೇಲೆ ಸ್ಪರ್ಧೆಯ ವೇಗದಲ್ಲೇ 25 ಮೀಟರಿನ ತುಣುಕುಗಳು, ನಡುವೆ ವಿಶ್ರಾಂತಿ. ವೇಗ ಬಿದ್ದ ಕೂಡಲೇ ನಿಲ್ಲಿಸುವುದು. ಕೊನೆಗೆ ಡೈವ್, ಟರ್ನ್. ಫ್ರೀಸ್ಟೈಲ್‌ನಲ್ಲಿ ಡೈವ್ ಮತ್ತು ಪ್ರತಿ ಟರ್ನ್ ಆದ ಮೇಲೆ 15 ಮೀಟರ್‌ವರೆಗೆ ನೀರಿನಡಿ ಸಾಗಲು ನಿಯಮವೇ ಬಿಡುತ್ತದೆ. ಅದನ್ನು ಕಲಿಸುವವರೆಷ್ಟು?

ಹಾಗಾಗಿ ಫೀಸು ಕಟ್ಟುವ ಮೊದಲು ಕೋಚ್ ಹತ್ತಿರ ಕೇಳಿ: ನಮ್ಮ ಮಗು 50 ಮೀಟರಿಗೆ ಎಷ್ಟು ಸಲ ಕೈ ಬೀಸುತ್ತದೆ, ಎಷ್ಟು ಸೆಕೆಂಡ್ ಬೇಕು, ಬರೆದಿಡುತ್ತೀರಾ? ದಿನಕ್ಕೊಂದೇ ಬ್ಯಾಚ್ ಇದೆಯಾ, ಅದು ಕೊನೆಯ ಬಸ್ಸಿಗೆ ಮೊದಲು ಮುಗಿಯುತ್ತದಾ?