ಹೆಣ್ಣುಮಕ್ಕಳ ಓದೂ ಮನೆಮಂದಿಯ ಆರೋಗ್ಯವೂ

ಪ್ರತಿ ವರುಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಕೆಲವು ದಿನಗಳಲ್ಲಿ ವರ್ಗಾವಣೆ ಪತ್ರವನ್ನು ಪಡೆಯುವುದಕ್ಕೋಸ್ಕರ ತಂದೆತಾಯಿಗಳು ನಮ್ಮ ಕೊಠಡಿಗೆ ಬರುವುದುಂಟು. ಹುಡುಗಿಯನ್ನು ಮುಂದೆ ಯಾವ ಕಾಲೇಜಿಗೆ ಸೇರಿಸುವಿರೆಂದು ನಾವು ಕೇಳಿದರೆ ಅವರಲ್ಲಿ ಕೆಲವರು ಸಂಕೋಚದಿಂದ, “ಓದುಬರಹ ಬಂತಲ್ಲ ಅಮ್ಮಾ, ಹೆಣ್ಣುಮಗುವಿಗೆ ಇಷ್ಟು ಸಾಕು, ಇನ್ನು ತಮ್ಮನ ಓದನ್ನೂ ನೋಡಬೇಕು” ಎನ್ನುತ್ತಾರೆ. ಮುಂದೆ ಉದ್ಯೋಗಕ್ಕೆ ಅನುಕೂಲವಾದೀತೆಂದು ನಾವು ಹೇಳಿದರೆ, “ನಾವು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕಳುಹಿಸುವವರಲ್ಲ” ಎಂಬ ಉತ್ತರವು ಸಿದ್ಧವಾಗಿರುತ್ತದೆ. ಅಲ್ಲಿಗೆ ಮಾತು ಮುಗಿಯುತ್ತದೆ. ಬಹುಕಾಲ ನಮಗೂ ಅದರ ಮುಂದಿನ ಮಾತು ತೋಚುತ್ತಿರಲಿಲ್ಲ. ಆ ಮುಂದಿನ ಮಾತನ್ನು ಈ ಸ್ಮರಣ ಸಂಚಿಕೆಯ ಮೂಲಕ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಇಡಬೇಕೆಂದು ಅಪೇಕ್ಷಿಸುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರುಷಗಳ ಕೆಳಗೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಮೊದಲನೆಯ ಪಾಠದಲ್ಲಿಯೇ ತೂಕಡಿಸುವಳು. ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಅವಳ ಪ್ರಗತಿ ಪತ್ರದಲ್ಲಿ “ಪಾಠದಲ್ಲಿ ಲಕ್ಷ್ಯ ಸಾಲದು” ಎಂದು ನಮ್ಮ ಕೈಯಿಂದಲೇ ಬರೆದೆವು. ಆ ವರುಷ ವೈದ್ಯರು ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸಿದಾಗ ಅವಳಿಗೆ ತೀವ್ರವಾದ ರಕ್ತಹೀನತೆಯಿರುವುದು ತಿಳಿಯಿತು. ಬೆಳಕು ಹರಿಯುವ ಮುಂಚೆ ಎದ್ದು, ನೀರು ತಂದು, ತಮ್ಮಂದಿರಿಗೆ ಅಡಿಗೆ ಮಾಡಿಟ್ಟು, ತಾನು ಒಂದು ಲೋಟ ಚಹ ಕುಡಿದು ಮೊದಲನೆಯ ಬಸ್ಸಿಗೆ ಬರುತ್ತಿದ್ದಳಂತೆ. ನಾವು ಹುಡುಗಿಯ ಸ್ವಭಾವವೆಂದು ತಿಳಿದದ್ದು ಅವಳ ಮನೆಯ ಸ್ಥಿತಿಯಾಗಿತ್ತು. ಮಾತ್ರೆಗಳಿಂದ ಅವಳು ತಕ್ಕಮಟ್ಟಿಗೆ ಚೇತರಿಸಿಕೊಂಡು ಎಸ್.ಎಸ್.ಎಲ್.ಸಿ.ಯಲ್ಲಿ ತೇರ್ಗಡೆಯಾದಳು. ಆದರೆ ಅವಳ ತಂದೆಯೂ ಮೇಲೆ ಹೇಳಿದ ಮಾತುಗಳನ್ನೇ ಆಡಿ ವರ್ಗಾವಣೆ ಪತ್ರವನ್ನು ತೆಗೆದುಕೊಂಡು ಹೋದರು. ನಾವು ಸುಮ್ಮನಿದ್ದೆವು.

ಇದು ಒಬ್ಬಳ ಸಂಗತಿಯಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿತ್ತು. ಹತ್ತು ವರುಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಶಾಲೆಯಲ್ಲಿ ಓದಿದವರು ನೂರಕ್ಕೆ ೪೧ ಮಂದಿ ಮಾತ್ರ. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನವರಲ್ಲಿ ನೂರಕ್ಕೆ ೨೩ ಮಂದಿಗೆ ಹದಿನೆಂಟು ತುಂಬುವ ಮುಂಚೆಯೇ ಮದುವೆಯಾಗಿತ್ತು. ಓದು, ಮದುವೆ, ರಕ್ತ, ಈ ಮೂರನ್ನೂ ನಾವು ಬೇರೆ ಬೇರೆ ಕಛೇರಿಗಳ ಲೆಕ್ಕವೆಂದು ಎಣಿಸುತ್ತೇವೆ. ಇವು ಒಂದೇ ಹಗ್ಗದ ಎಳೆಗಳೆಂಬುದನ್ನು ವಿದ್ವಾಂಸರು ಬಹುಕಾಲದಿಂದ ಶೋಧಿಸುತ್ತ ಬಂದಿದ್ದಾರೆ.

೧೮೪೮ರಲ್ಲಿ ಪ್ರಷ್ಯ ದೇಶದ ಸರ್ಕಾರವು ಮೇಲಣ ಸಿಲೇಸಿಯ ಪ್ರಾಂತದಲ್ಲಿ ಹಬ್ಬಿದ್ದ ಟೈಫಸ್ ಜ್ವರವನ್ನು ಕುರಿತು ವಿಚಾರಿಸಲು ರೂಡಾಲ್ಫ್ ವಿರ್ಕೊ ಎಂಬ ತರುಣ ವೈದ್ಯರನ್ನು ಕಳುಹಿಸಿತು. ಅವರಿಗೆ ಆಗ ಇಪ್ಪತ್ತಾರು ವಯಸ್ಸು. ಔಷಧಿಗಳ ಪಟ್ಟಿಯನ್ನು ತರುವರೆಂದು ಸರ್ಕಾರವು ಎದುರು ನೋಡುತ್ತಿದ್ದರೆ, ಅವರು ಅಲ್ಲಿನ ಜನರ ಬಡತನವನ್ನೂ ಅಜ್ಞಾನವನ್ನೂ ರೋಗದ ಕಾರಣಗಳೊಳಗೆ ಸೇರಿಸಿ, ವಿದ್ಯೆ, ಸ್ವಾತಂತ್ರ್ಯ, ಸುಸ್ಥಿತಿ ಇವು ಬಂದಲ್ಲದೆ ಜ್ವರವು ಪುನಃ ಬಾರದಂತೆ ತಡೆಯಲಾಗದೆಂದು ವರದಿಯನ್ನು ಬರೆದರು.

ಬಡವರಿಗೆ ವೈದ್ಯವು ಉಚಿತವಾಗಿ ದೊರಕಿದರೆ ಈ ಅಂತರವು ತಾನಾಗಿ ಅಳಿದೀತೆಂದು ನಂಬಿದವರುಂಟು. ಬ್ರಿಟನ್ನಿನಲ್ಲಿ ೧೯೪೮ರಿಂದ ರಾಷ್ಟ್ರೀಯ ಆರೋಗ್ಯ ಸೇವೆಯು ಎಲ್ಲರಿಗೂ ಚಿಕಿತ್ಸೆಯನ್ನು ಒದಗಿಸುತ್ತ ಬಂದಿತು. ಆದಾಗ್ಯೂ ೧೯೮೦ರಲ್ಲಿ ಸರ್ ಡಗ್ಲಸ್ ಬ್ಲ್ಯಾಕ್ ಅವರ ಅಧ್ಯಕ್ಷತೆಯ ಸಮಿತಿಯ ವರದಿಯು ಹೊರಬಂದಾಗ ಮೇಲಣ ವರ್ಗದವರಿಗೂ ಕೆಳಗಣ ವರ್ಗದವರಿಗೂ ಆಯುಸ್ಸಿನಲ್ಲಿದ್ದ ಅಂತರವು ಹಾಗೆಯೇ ಉಳಿದಿರುವುದು ಕಂಡುಬಂದಿತು. ಆಸ್ಪತ್ರೆಯ ಬಾಗಿಲು ತೆರೆದಿದ್ದರೆ ಸಾಲದು, ಅದಕ್ಕೂ ಮುಂಚಿನ ಬದುಕು ಮನುಷ್ಯನನ್ನು ರೋಗಕ್ಕೆ ಸಿದ್ಧಪಡಿಸುತ್ತದೆ ಎಂಬುದೇ ಅದರ ಸಾರಾಂಶ.

ಇದನ್ನು ಇನ್ನೂ ಸೂಕ್ಷ್ಮವಾಗಿ ತೋರಿಸಿದ್ದು ಲಂಡನ್ನಿನ ಸರ್ಕಾರಿ ನೌಕರರನ್ನು ಕುರಿತು ೧೯೬೭ರಲ್ಲಿ ಆರಂಭವಾದ ಶೋಧನೆ. ಅಲ್ಲಿನ ಸರ್ಕಾರಿ ಕಛೇರಿಗಳ ಬೀದಿಯ ಹೆಸರಿನಿಂದ ಅದನ್ನು ವೈಟ್‌ಹಾಲ್ ಅಧ್ಯಯನವೆನ್ನುತ್ತಾರೆ. ಹದಿನೇಳು ಸಾವಿರಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿ ಹಲವು ವರುಷಗಳ ತನಕ ಅವರ ಯೋಗಕ್ಷೇಮವನ್ನು ಗಮನಿಸಲಾಯಿತು. ಇವರಲ್ಲಿ ನಿರುದ್ಯೋಗಿಗಳಿರಲಿಲ್ಲ, ಹಸಿದವರಿರಲಿಲ್ಲ. ಎಲ್ಲರಿಗೂ ತಿಂಗಳ ಸಂಬಳವಿತ್ತು. ಹೀಗಿದ್ದೂ ಅತಿ ಕೆಳಗಣ ದರ್ಜೆಯ ಜವಾನರೇ ಮೊದಲಾದವರ ಮರಣ ಪ್ರಮಾಣವು ಅತಿ ಮೇಲಣ ಅಧಿಕಾರಿಗಳದಕ್ಕಿಂತ ಸುಮಾರು ಮೂರರಷ್ಟಿತ್ತು. ನಡುವಣವರು ನಡುವೆ ಇದ್ದರು. ಹೊಗೆಬತ್ತಿ, ರಕ್ತದ ಒತ್ತಡ ಮುಂತಾದ ಪ್ರಸಿದ್ಧ ಕಾರಣಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಹೃದ್ರೋಗದ ವಿಷಯದಲ್ಲಿ ಈ ಅಂತರದ ಅರ್ಧ ಭಾಗವನ್ನೂ ವಿವರಿಸಲಾಗಲಿಲ್ಲ. ೧೯೮೫ರಲ್ಲಿ ಮೈಕೆಲ್ ಮಾರ್ಮಟ್ ಅವರು ಸ್ತ್ರೀಪುರುಷರನ್ನು ಕೂಡಿಸಿ ೧೦,೩೦೮ ಮಂದಿಯ ಎರಡನೆಯ ಶೋಧನೆಯನ್ನು ಆರಂಭಿಸಿದರು. ತನ್ನ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂಬುದರಲ್ಲಿ ಯಾರಿಗೆ ತನ್ನ ಮಾತೇನೂ ನಡೆಯುವುದಿಲ್ಲವೋ ಅಂಥವರಿಗೆ ಹೃದ್ರೋಗವು ಹೆಚ್ಚೆಂದು ಅದರಿಂದ ತಿಳಿದುಬಂದಿತು.

ತನ್ನ ಮಾತೇನೂ ನಡೆಯದ ಬದುಕು! ಇದನ್ನು ಕೇಳಿದೊಡನೆ ನಮ್ಮ ಮನಸ್ಸು ಲಂಡನ್ನಿನ ಕಛೇರಿಗಳನ್ನು ಬಿಟ್ಟು ನಮ್ಮ ಊರುಗಳ ಅಡಿಗೆಮನೆಗಳಿಗೆ ಹೋಗುತ್ತದೆ. ಹೀಗೆ ಹೋಗುವುದು ನಮ್ಮ ಕಲ್ಪನೆಯೊಂದೇ ಅಲ್ಲ. ಜಾನ್ ಕಾಲ್ಡ್‌ವೆಲ್ ಎಂಬ ಆಸ್ಟ್ರೇಲಿಯದ ಪಂಡಿತರು ನೈಜೀರಿಯ ದೇಶದ ಇಬಾದಾನ್ ಪಟ್ಟಣದ ಲೆಕ್ಕಗಳನ್ನು ಪರಿಶೀಲಿಸಿ ೧೯೭೯ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ತಂದೆಯ ಉದ್ಯೋಗ, ತಂದೆಯ ಓದು ಇವೆಲ್ಲವುಗಳಿಗಿಂತ ಮಗುವಿನ ಉಳಿವಿಗೆ ಹೆಚ್ಚು ಸಹಾಯಕವಾದದ್ದು ತಾಯಿಯ ಓದೇ ಎಂಬುದು ಅವರ ಸಿದ್ಧಾಂತ. ಆಮೇಲೆ ಅವರೂ ಅವರ ಪತ್ನಿ ಪ್ಯಾಟ್ ಕಾಲ್ಡ್‌ವೆಲ್ ಅವರೂ ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿಯವರೂ ಜೊತೆಗೂಡಿ ನಮ್ಮ ಕರ್ನಾಟಕದ ಹಳ್ಳಿಗಳಲ್ಲಿಯೇ ಮನೆಮನೆಗೆ ಹೋಗಿ ವಿಚಾರಿಸಿದರು. ಅವರು ಕಂಡದ್ದು ತಮ್ಮಲ್ಲಿ ಅನೇಕರಿಗೆ ಹೊಸದಾಗಿರಲಾರದು. ಓದಿಲ್ಲದ ಸೊಸೆಯು ಮಗುವಿಗೆ ಜ್ವರ ಬಂದರೆ ತಾನಾಗಿ ಬಾಯಿಬಿಡದೆ ಅತ್ತೆ ಗಮನಿಸಲೆಂದು ಕಾಯುವಳು. ನಾಲ್ಕಕ್ಷರ ಕಲಿತ ಸೊಸೆಯು ರೋಗವನ್ನು ಬೇಗ ಗುರುತಿಸಿ ಹೇಳುವಳು, ಚಿಕಿತ್ಸೆಯನ್ನು ಕೊಡಿಸುವಳು, ಔಷಧಿಯಿಂದ ಗುಣ ಕಾಣದಿದ್ದರೆ ಪುನಃ ವೈದ್ಯರಲ್ಲಿಗೆ ಹೋಗಿ ಹಾಗೆಂದು ತಿಳಿಸುವಳು. ಎರಡನೆಯ ಸಲ ಹೋಗುವ ಈ ಧೈರ್ಯದಲ್ಲಿಯೇ ಎಷ್ಟೋ ಮಕ್ಕಳ ಪ್ರಾಣವಿದೆ.

ಇದು ಎಷ್ಟು ಮಕ್ಕಳ ಮಾತು? ೨೦೧೦ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ೧೭೫ ದೇಶಗಳ ಲೆಕ್ಕವು ಪ್ರಕಟವಾಯಿತು. ೧೯೭೦ಕ್ಕೂ ೨೦೦೯ಕ್ಕೂ ನಡುವೆ ಐದು ವರುಷದೊಳಗಿನ ಮಕ್ಕಳ ಮರಣಗಳಲ್ಲಿ ಉಂಟಾದ ೮೨ ಲಕ್ಷದ ಇಳಿತದಲ್ಲಿ ಸುಮಾರು ೪೨ ಲಕ್ಷವನ್ನು, ಅಂದರೆ ಅರ್ಧಕ್ಕಿಂತ ಹೆಚ್ಚನ್ನು, ಸ್ತ್ರೀಯರ ವಿದ್ಯಾಭ್ಯಾಸದ ಹೆಚ್ಚಳಕ್ಕೆ ಸಲ್ಲಿಸಬಹುದೆಂದು ಆ ಪಂಡಿತರು ಅಂದಾಜು ಮಾಡಿದ್ದಾರೆ.

ಇಲ್ಲಿ ವಿವೇಕಿಗಳಾದ ಪೋಷಕರು ಒಂದು ಆಕ್ಷೇಪವನ್ನು ಎತ್ತಬಹುದು. ಓದಿದವರ ಮನೆಯಲ್ಲಿ ಹಣವೂ ಇರುತ್ತದೆ. ಮಗುವನ್ನು ಉಳಿಸಿದ್ದು ಹಣವೋ ಓದೋ ಎಂದು ಬೇರ್ಪಡಿಸುವುದು ಹೇಗೆ? ಪ್ರಶ್ನೆಯು ನ್ಯಾಯವಾದದ್ದೇ. ತೈವಾನ್ ದ್ವೀಪದಲ್ಲಿ ೧೯೬೮ರಲ್ಲಿ ಕಡ್ಡಾಯ ಶಿಕ್ಷಣವನ್ನು ಆರು ವರುಷದಿಂದ ಒಂಬತ್ತಕ್ಕೆ ಏರಿಸಿ ಊರೂರಿಗೆ ಹೊಸ ಶಾಲೆಗಳನ್ನು ಕಟ್ಟಿದರು. ಅಲ್ಲಿ ಬಡವರೆನ್ನದೆ ಬಲ್ಲಿದರೆನ್ನದೆ ಎಲ್ಲರ ಮಕ್ಕಳಿಗೂ ಓದುವ ಅವಕಾಶವು ಹೆಚ್ಚಿತು. ಆ ಮಕ್ಕಳು ಬೆಳೆದು ತಾಯ್ತಂದೆಯರಾದ ಮೇಲೆ, ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಹೆಚ್ಚುಕಡಿಮೆ ಒಂದರಂತೆ ಪ್ರಾಣಗಳು ಈ ಓದಿನಿಂದಲೇ ಉಳಿದುವೆಂದು ಅರ್ಥಶಾಸ್ತ್ರಜ್ಞರು ೨೦೧೦ರಲ್ಲಿ ತೋರಿಸಿದರು.

ಇದಕ್ಕೆ ಎದುರಾದ ಸಾಕ್ಷ್ಯವನ್ನೂ ಮರೆಮಾಡಲಾಗದು. ಬ್ರಿಟನ್ನಿನಲ್ಲಿ ೧೯೪೭ರಲ್ಲಿ ಶಾಲೆಯನ್ನು ಬಿಡುವ ವಯಸ್ಸನ್ನು ಹದಿನಾಲ್ಕರಿಂದ ಹದಿನೈದಕ್ಕೂ, ೧೯೭೨ರಲ್ಲಿ ಹದಿನಾರಕ್ಕೂ ಏರಿಸಿದರು. ಆದರೆ ಹೀಗೆ ಹೆಚ್ಚು ಓದಿದವರ ಸ್ವಂತ ಆಯುಸ್ಸಿನಲ್ಲಿ ಹೇಳಿಕೊಳ್ಳುವಂಥ ಲಾಭವು ಕಾಣಲಿಲ್ಲವೆಂದು ೨೦೧೩ರಲ್ಲಿ ಪ್ರಕಟವಾದ ಶೋಧನೆಯು ಹೇಳುತ್ತದೆ. ಇದರಿಂದ ಓದು ವ್ಯರ್ಥವೆಂದು ನಾವು ತಿಳಿಯುವುದಿಲ್ಲ. ಬೆಂಚಿನ ಮೇಲೆ ಇನ್ನೊಂದು ವರುಷ ಕೂಡಿಸಿದ ಮಾತ್ರಕ್ಕೆ ಆರೋಗ್ಯವು ಬಾರದೆಂಬ ಎಚ್ಚರಿಕೆಯನ್ನು ಮಾತ್ರ ಇದರಿಂದ ತೆಗೆದುಕೊಳ್ಳುತ್ತೇವೆ. ಓದು ಮನುಷ್ಯನಿಗೆ ಬಾಯಿಯನ್ನು ಕೊಟ್ಟಾಗಲೇ ಅದು ಮದ್ದಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೆಕ್ಸಿಕೊ, ನೇಪಾಳ, ವೆನೆಜುವೇಲ, ಜಾಂಬಿಯ ಈ ನಾಲ್ಕು ದೇಶಗಳ ತಾಯಂದಿರನ್ನು ಕುರಿತು ರಾಬರ್ಟ್ ಲೆವೈನ್ ಅವರೂ ಸಂಗಡಿಗರೂ ೨೦೧೨ರಲ್ಲಿ ಪ್ರಕಟಿಸಿದ ಪುಸ್ತಕವು ಈ ಅಭಿಪ್ರಾಯಕ್ಕೆ ಬಲ ಕೊಡುತ್ತದೆ. ಶಾಲೆಯನ್ನು ಬಿಟ್ಟು ಎಷ್ಟೋ ವರುಷಗಳಾದ ಮೇಲೂ ಆ ತಾಯಂದಿರಲ್ಲಿ ಅಕ್ಷರಜ್ಞಾನವು ಉಳಿದಿದ್ದು, ಆರೋಗ್ಯದ ವಿಷಯವಾಗಿ ಅಚ್ಚಾದದ್ದನ್ನೂ ರೇಡಿಯೋವಿನಲ್ಲಿ ಹೇಳಿದ್ದನ್ನೂ ಗ್ರಹಿಸಲು ಅದು ಅವರಿಗೆ ನೆರವಾಗಿತ್ತು. ನಮ್ಮ ಹಳೆಯ ವಿದ್ಯಾರ್ಥಿನಿಯರು ಬೀಜಗಣಿತವೆಲ್ಲ ಮರೆತುಹೋಯಿತೆಂದು ನಗುತ್ತ ಹೇಳುವುದುಂಟು. ಮರೆಯಲಿ, ಕೇಳಿ ತಿಳಿದುಕೊಳ್ಳುವ, ತಿಳಿಯದಿದ್ದರೆ ಪುನಃ ಕೇಳುವ ಅಭ್ಯಾಸವು ಮರೆತಿಲ್ಲವಷ್ಟೆ.

ಹಾಗಾದರೆ ಆ ಅಭ್ಯಾಸವನ್ನು ನಮ್ಮ ಶಾಲೆಯು ಎಲ್ಲ ಹುಡುಗಿಯರಿಗೂ ಸಮನಾಗಿ ಕಲಿಸುತ್ತಿದೆಯೇ? ಬಹುಕಾಲದಿಂದ ಅಂಕಗಳ ಕ್ರಮದಲ್ಲಿ ಮಕ್ಕಳನ್ನು ಕೂಡಿಸುವ ಪದ್ಧತಿಯು ನಮ್ಮಲ್ಲಿತ್ತು. ಹಿಂದಿನ ಬೆಂಚಿನಲ್ಲಿ ಯಾರಿರುತ್ತಿದ್ದರೆಂದು ನೆನೆದರೆ ನಮಗೆ ನಾಚಿಕೆಯಾಗುತ್ತದೆ: ಬಸ್ಸಿನಲ್ಲಿ ಬರುವವರು, ಮನೆಗೆಲಸ ಮಾಡಿ ಬರುವವರು, ಹಸಿದು ಬರುವವರು. ಹೊರಗಿನ ಏಣಿಯನ್ನೇ ನಾವು ತರಗತಿಯೊಳಗೆ ತಂದು ನಿಲ್ಲಿಸಿದ್ದೆವು. ಕಳೆದ ವರುಷದಿಂದ ಈ ಪದ್ಧತಿಯನ್ನು ಬಿಟ್ಟಿದ್ದೇವೆ. ಕೆಲವರು ಪೋಷಕರಿಗೆ ಇದು ಹಿತವಾಗಿಲ್ಲವೆಂಬುದನ್ನು ಬಲ್ಲೆವು. ಆದರೂ ಪುನಃ ತರುವ ಉದ್ದೇಶವು ನಮಗಿಲ್ಲ.

ಇನ್ನು ಪೋಷಕರಲ್ಲಿ ನಮ್ಮ ವಿಜ್ಞಾಪನೆ. ಹತ್ತನೆಯ ತರಗತಿಯ ಮೇಲೆ ಇನ್ನೆರಡು ವರುಷ ಮಗಳನ್ನು ಓದಿಸಿರಿ. ಅವಳು ಉದ್ಯೋಗಕ್ಕೆ ಹೋಗಲಿ, ಬಿಡಲಿ. ಆ ಓದು ತಮ್ಮ ಮೊಮ್ಮಕ್ಕಳ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಬೆಳಗಿನ ಊಟವನ್ನು ಅಣ್ಣತಮ್ಮಂದಿರಿಗೆ ಇಟ್ಟ ಹಾಗೆ ಅವಳಿಗೂ ಇಡಿರಿ. ಇದಕ್ಕೆ ಹಣಕ್ಕಿಂತ ಮನಸ್ಸು ಹೆಚ್ಚಾಗಿ ಬೇಕು.

ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಮಾತನ್ನು ನಿಸ್ಸಂಕೋಚವಾಗಿ ಹೇಳುತ್ತೇವೆ. ಶಾಲೆಯ ಮುಂಬಾಗಿಲಿಗೆ ಒಂದು ಕಲ್ಲಿನ ಕಮಾನನ್ನು ಕಟ್ಟಿಸಬೇಕೆಂದು ತಾವು ಪ್ರೀತಿಯಿಂದ ಹಣವನ್ನು ಕೂಡಿಸುತ್ತಿರುವಿರಿ. ತಮ್ಮ ಪ್ರೀತಿಗೆ ನಾವು ಋಣಿಗಳು. ಆದರೆ ಆ ಹಣವು ದೂರದಿಂದ ಬರುವ ಹುಡುಗಿಯರ ಬೆಳಗಿನ ಉಪಾಹಾರಕ್ಕೂ, ಎಸ್.ಎಸ್.ಎಲ್.ಸಿ. ಮುಗಿಸಿದ ಬಡ ಹುಡುಗಿಯರ ಮುಂದಿನ ಎರಡು ವರುಷಗಳ ಫೀಜಿಗೂ ಬಸ್ಸಿನ ಖರ್ಚಿಗೂ ಸಲ್ಲಲಿ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಹಳೆಯ ಬಾಗಿಲಿನಿಂದಲೇ ತಾವೆಲ್ಲ ಒಳಗೆ ಬಂದಿರಿ. ಅದು ಇನ್ನೂ ಗಟ್ಟಿಯಾಗಿದೆ.

ಮೇಲೆ ಹೇಳಿದ ಹುಡುಗಿಗೆ ಮದುವೆಯಾಯಿತೆಂದು ಕೇಳಿದ್ದೇವೆ. ಅವಳ ತಂಗಿ ಈ ವರುಷ ನಮ್ಮ ಎಂಟನೆಯ ತರಗತಿಯಲ್ಲಿದ್ದಾಳೆ, ಅದೇ ಮೊದಲನೆಯ ಬಸ್ಸಿಗೆ ಬರುತ್ತಾಳೆ. ಇನ್ನು ಎರಡು ವರುಷಗಳಲ್ಲಿ ಅವರ ತಂದೆ ಪುನಃ ನಮ್ಮ ಕೊಠಡಿಗೆ ಬರುವರು. ಆಗ ಅವರಿಗೆ ಹೇಳಲು ನಮ್ಮಲ್ಲಿ ಮಾತಿದೆ. ಮಾತಿನೊಡನೆ ಕೊಡುವುದಕ್ಕೂ ಏನಾದರೂ ಇರುವಂತೆ ತಾವು ದಯಮಾಡಿ ನೋಡಿಕೊಳ್ಳಬೇಕೆಂದು ಬೇಡುತ್ತೇವೆ.

— ಮುಖ್ಯೋಪಾಧ್ಯಾಯಿನಿ