ಮಾರ್ಕೆಟ್ಟಿನಿಂದ ವಿಕ್ಟೋರಿಯಾಕ್ಕೆ ಎಷ್ಟು ದೂರ?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಗಿನ ಜಾವ ಹೂವಿಗೆಂದು ಬೆಂಗಳೂರಿನ ಸಿಟಿ ಮಾರ್ಕೆಟ್ಟಿಗೆ ಹೋಗಿದ್ದೆ. ಸೇವಂತಿಗೆ ಮೂಟೆಗಳ ಸಾಲು ಮುಗಿಯುವಲ್ಲಿ, ಮೇಲ್ಸೇತುವೆಯ ಕಂಬಕ್ಕೆ ಒರಗಿಸಿಟ್ಟ ಬಾಳೆಕಂದುಗಳ ಪಕ್ಕ ಒಬ್ಬ ಹುಡುಗ ಬಿದ್ದಿದ್ದ. ಹದಿನಾಲ್ಕೋ ಹದಿನೈದೋ ವಯಸ್ಸು. ಮುಷ್ಟಿಯಲ್ಲಿ ಒದ್ದೆ ಬಟ್ಟೆ, ಎದೆಯ ಹತ್ತಿರ ಹಿಂಡಿ ಮುಗಿಸಿದ ಪಂಕ್ಚರ್ ಸೊಲ್ಯೂಷನ್ನಿನ ಟ್ಯೂಬು. ಮೂಟೆ ಹೊತ್ತ ಕೂಲಿಗಳು ಅವನನ್ನು ದಾಟಿಕೊಂಡೇ ಹೋಗುತ್ತಿದ್ದರು. ಕನಕಾಂಬರ ಮಾರುವ ಹೆಂಗಸೊಬ್ಬರು ಎದ್ದು ಬಂದು ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದರು. "ಉಸ್ರೈತೆ ಕಣಣ್ಣ," ಅಂದರು. "ಹೋದ್ ತಿಂಗ್ಳು ಇಲ್ಲೇ ಬಿದ್ದಿದ್ದೋನಿಗೆ ಇರ್ಲಿಲ್ಲ." ವಾಪಸ್ಸು ಹೋಗಿ ಕೂತು, ಕೈ ಚಾಚಿ ನನಗೆ ಎರಡು ಮಾರು ಹೂವು ಅಳೆದು ಕೊಟ್ಟರು.

ಆ ಕಂಬದಿಂದ ವಿಕ್ಟೋರಿಯಾ ಆಸ್ಪತ್ರೆಯ ಗೇಟಿಗೆ ನಡೆದರೆ ಐದಾರು ನಿಮಿಷ. 1900ರಲ್ಲಿ ಬಾಗಿಲು ತೆರೆದ ಆಸ್ಪತ್ರೆ ಅದು. 1928ರ ಈ ಮಾರುಕಟ್ಟೆಗಿಂತ ಹಳೆಯದು. ಇಷ್ಟು ಹತ್ತಿರ ಇಷ್ಟು ದೊಡ್ಡ ಆಸ್ಪತ್ರೆ ಇದ್ದೂ, ನಶೆಯಲ್ಲಿ ಉಸಿರು ಕಟ್ಟಿದವನು ಅಲ್ಲಿಗೆ ತಲುಪುವುದು ಹೆಚ್ಚಾಗಿ ಶವಾಗಾರದ ಬಾಗಿಲಿನಿಂದ. ನನ್ನ ತಕರಾರು ಇರುವುದು ಇಲ್ಲಿ.

ಹೋದ ವರ್ಷ, 2025ರ ಸೆಪ್ಟೆಂಬರಿನಲ್ಲಿ, ಈ ಪ್ರದೇಶದವರೆಲ್ಲ ತಲೆ ತಗ್ಗಿಸುವ ಸುದ್ದಿ ಬಂತು. ಮಾದಕ ಮಾತ್ರೆ ಮಾರುವವರ ಜೊತೆ ನಂಟಿತ್ತೆಂಬ ಆರೋಪದ ಮೇಲೆ ಚಾಮರಾಜಪೇಟೆ ಮತ್ತು ಜೆ.ಜೆ. ನಗರ ಠಾಣೆಗಳ 11 ಪೊಲೀಸರು ಅಮಾನತುಗೊಂಡರು. ಆರೋಪ ಸಾಬೀತಾಗುವುದು ಬಿಡುವುದು ವಿಚಾರಣೆಗೆ ಬಿಟ್ಟದ್ದು. ಆದರೆ ಅದಾದ ಮೇಲೆ ನಮ್ಮ ಪಾರ್ಕುಗಳಲ್ಲಿ, ಸಂಘಗಳ ಸಭೆಗಳಲ್ಲಿ ಕೇಳಿಬಂದ ಬೇಡಿಕೆ ಏನು? ಇನ್ನೂ ಹೆಚ್ಚು ಪೊಲೀಸರನ್ನು ಹಾಕಿ, ಮೇಲ್ಸೇತುವೆಯ ಕೆಳಗಿರುವವರನ್ನೆಲ್ಲ ಎತ್ತಿಸಿ, ಒಳಗೆ ಹಾಕಿ. ಯಾವ ಔಷಧಿ ಕೆಲಸ ಮಾಡಲಿಲ್ಲವೋ ಅದನ್ನೇ ಎರಡರಷ್ಟು ಕುಡಿಸಿ ಎಂದಂತಾಯಿತು. ಮಾರುವವರನ್ನು ಹಿಡಿಯಬೇಡಿ ಎನ್ನುತ್ತಿಲ್ಲ. ಮಕ್ಕಳಿಗೆ ನಶೆ ಕೊಡುವವರಿಗೆ ಬಾಲ ನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ, ಆಗಲಿ. ಬಿದ್ದವನನ್ನು ಹಿಡಿಯಬೇಡಿ ಎನ್ನುತ್ತಿದ್ದೇನೆ. ಹಿಡಿಯುವುದರಿಂದಲೇ ಅವನು ಸಾಯುತ್ತಾನೆ.

ಇದು ಉತ್ಪ್ರೇಕ್ಷೆ ಅನ್ನಿಸಬಹುದು. ನಮ್ಮ ಬೀದಿಯ ಒಂದು ಮನೆಯ ಸಂಗತಿ ಹೇಳುತ್ತೇನೆ. ಇಪ್ಪತ್ತಮೂರರ ಹುಡುಗ. ನೋವಿನ ಮಾತ್ರೆ ಪುಡಿ ಮಾಡಿ, ನೀರಲ್ಲಿ ಕಲಸಿ, ಸೂಜಿಯಲ್ಲಿ ಏರಿಸಿಕೊಳ್ಳುವ ಚಟ. ಮನೆಯವರು ಒಡವೆ ಅಡವಿಟ್ಟು, ಊರಾಚೆಯ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದರು. ಮೂರು ತಿಂಗಳು ಬೀಗ ಹಾಕಿದ ಕೋಣೆ. ಮೈ ತುಂಬಿಕೊಂಡು, ಕ್ಷೌರ ಮಾಡಿಸಿಕೊಂಡು ಬಂದ. ಅವನ ತಾಯಿ ಬೀದಿಗೆಲ್ಲ ಚಿರೋಟಿ ಹಂಚಿದರು. ಹತ್ತನೆಯ ದಿನ ಬಚ್ಚಲುಮನೆಯ ಬಾಗಿಲು ಒಡೆಯಬೇಕಾಯಿತು. ಬಂದವರಿಗೆಲ್ಲ "ಹಾರ್ಟ್ ಅಟ್ಯಾಕ್" ಎಂದರು. ನಾವೂ ಹಾಗೇ ಅಂದುಕೊಂಡವರಂತೆ ನಡೆದುಕೊಂಡೆವು.

ನಡೆದದ್ದು ಇಷ್ಟು. ಟ್ಯಾಪೆಂಟಡಾಲ್‌ನಂಥ ಮಾತ್ರೆ ಅಫೀಮಿನ ಗುಂಪಿನ ನೋವುನಿವಾರಕ. ದಿನಾ ತೆಗೆದುಕೊಳ್ಳುವವನ ಮೈ ಅದಕ್ಕೆ ಒಗ್ಗಿಹೋಗುತ್ತದೆ; ಬೇರೆಯವರನ್ನು ಕೊಲ್ಲುವಷ್ಟನ್ನು ಅವನು ತಡೆದುಕೊಳ್ಳುತ್ತಾನೆ. ಕೆಲವು ವಾರ ಬಿಟ್ಟರೆ ಆ ತಡೆಯುವ ಶಕ್ತಿ ಹೋಗುತ್ತದೆ, ಆಸೆ ಮಾತ್ರ ಹೋಗಿರುವುದಿಲ್ಲ. ಹೊರಗೆ ಬಂದವನು ಹಳೆಯ ಲೆಕ್ಕದಲ್ಲೇ ಏರಿಸಿಕೊಂಡರೆ ಮಿದುಳು ಉಸಿರಾಡುವುದನ್ನೇ ಮರೆಯುತ್ತದೆ. ಜೈಲಿನಿಂದ, ಬೀಗದ ಕೋಣೆಯಿಂದ ಹೊರಬಂದ ಮೊದಲ ಕೆಲವು ವಾರಗಳೇ ಅತಿ ಅಪಾಯದವು ಎಂಬುದು ಲೋಕದ ಎಲ್ಲ ಕಡೆಯ ವೈದ್ಯರಿಗೂ ಗೊತ್ತಿರುವ ಮಾತು. ಆ ತಾಯಿಗೆ ಅದನ್ನು ಯಾರೂ ಹೇಳಿರಲಿಲ್ಲ. ಪರಪ್ಪನ ಅಗ್ರಹಾರದ ಜೈಲಿನಿಂದ ಬಿಡುಗಡೆಯಾಗಿ ಬಸ್ಸು ಹತ್ತಿ ಮತ್ತೆ ಕಲಾಸಿಪಾಳ್ಯದಲ್ಲಿ ಇಳಿಯುವ ಹುಡುಗನಿಗೆ ಯಾರು ಹೇಳುತ್ತಾರೆ?

ಲೆಕ್ಕಕ್ಕೆ ಬರೋಣ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿದ 2019ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಫೀಮು ಗುಂಪಿನ ವಸ್ತುಗಳಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ಸುಮಾರು 77 ಲಕ್ಷ. ಸೂಜಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ಮಾದಕ ವಸ್ತುವಿನ ಅತಿಸೇವನೆಯ ಸಾವೆಂದು ದಾಖಲಿಸಿದ್ದು ಇಡೀ ದೇಶಕ್ಕೆ 681. ಅದೇ ವರ್ಷ ಅಮೆರಿಕ ತನ್ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇಂಥ ಸಾವುಗಳನ್ನು ಎಣಿಸಿತು. ಅಲ್ಲಿನ ವಿಷ ಬೇರೆ, ಫೆಂಟನಿಲ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಾಗಿದ್ದರೂ 77 ಲಕ್ಷ ಜನರ ನಡುವೆ ವರ್ಷಕ್ಕೆ 681 ಸಾವೆಂದರೆ ನಂಬುವುದು ಹೇಗೆ? ನಾವು ಎಣಿಸುತ್ತಿಲ್ಲ.

ಮೇಲ್ಸೇತುವೆಯ ಕೆಳಗೆ ಸತ್ತವನ ಕಡತ ಏನಾಗುತ್ತದೆ ನೋಡಿ. ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಹೆಸರಿನ ಜಾಗದಲ್ಲಿ ‘ಅಪರಿಚಿತ ಗಂಡಸು, ಸುಮಾರು 25 ವರ್ಷ’. ಮರಣೋತ್ತರ ಪರೀಕ್ಷೆ, ಒಳಾಂಗಗಳ ತುಣುಕು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ವರದಿ ಬರುವ ಹೊತ್ತಿಗೆ ಶವ ಮಣ್ಣಾಗಿರುತ್ತದೆ, ಕೇಳುವವರು ಯಾರೂ ಇರುವುದಿಲ್ಲ. ನಮ್ಮ ಬೀದಿಯ ಹುಡುಗನ ಸಾವೂ ಎಣಿಕೆಗೆ ಸಿಗಲಿಲ್ಲ. ಮಾರ್ಕೆಟ್ಟಿನವನ ಸಾವು ಹೇಳಿಕೊಳ್ಳಲು ಯಾರೂ ಇಲ್ಲದ್ದರಿಂದ ಮರೆಯಾಯಿತು. ಇವನ ಸಾವು ಮನೆಯವರು ಇದ್ದದ್ದರಿಂದಲೇ ಮರೆಯಾಯಿತು. ಚಾಮರಾಜಪೇಟೆಯವರು, ಬಸವನಗುಡಿಯವರು, ಮಲ್ಲೇಶ್ವರದವರು ‘ಅದು ಮಾರ್ಕೆಟ್ಟಿನ ಗಲೀಜು’ ಎಂದು ಹೇಳುವ ಮೊದಲು ತಮ್ಮ ಬೀದಿಯ ‘ಹಾರ್ಟ್ ಅಟ್ಯಾಕ್’ಗಳನ್ನು ನೆನೆಸಿಕೊಳ್ಳಲಿ.

ಮಾರುಕಟ್ಟೆಯ ವ್ಯಾಪಾರಿಗಳ ಸಿಟ್ಟು ನನಗೆ ಅರ್ಥವಾಗುತ್ತದೆ. ಗಲ್ಲಾಪೆಟ್ಟಿಗೆಗೆ ಕೈ ಹಾಕಿದವನನ್ನು, ಕತ್ತಲಲ್ಲಿ ಬ್ಲೇಡು ತೋರಿಸಿದವನನ್ನು ಕಂಡವರು ಅವರು. ಆದರೆ ಅವರೇ ಹೇಳಲಿ: ಇಷ್ಟು ವರ್ಷ ಎತ್ತಿಸಿದ್ದಕ್ಕೆ ಒಬ್ಬನಾದರೂ ಕಡಿಮೆಯಾಗಿದ್ದಾನೆಯೇ? ಈ ಕಡೆಯಿಂದ ಓಡಿಸಿದರೆ ಜೆ.ಸಿ. ರಸ್ತೆಯ ಕಡೆ, ಅಲ್ಲಿಂದ ಓಡಿಸಿದರೆ ಕಲಾಸಿಪಾಳ್ಯ ಬಸ್ ನಿಲ್ದಾಣ.

ನಿಷೇಧದ ಕತೆಯೂ ಇದೇ. 1981ರ ಕಳ್ಳಬಟ್ಟಿ ದುರಂತ ಈ ಊರಿನ ಹಳಬರಿಗೆ ಇನ್ನೂ ನೆನಪಿದೆ. ಮೆಥನಾಲ್ ಕುಡಿದು ಸತ್ತವರು 300ಕ್ಕೂ ಹೆಚ್ಚು. 2007ರ ಜುಲೈ 1ರಿಂದ ಸರಾಯಿ ನಿಷೇಧವಾಯಿತು. ಒಂದು ವರ್ಷ ತುಂಬುವ ಮೊದಲೇ, 2008ರ ಮೇನಲ್ಲಿ, ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯಾಚೆಯ ಹೊಸೂರಿನ ಕಡೆ ಕಳ್ಳಬಟ್ಟಿಗೆ ನೂರಕ್ಕೂ ಹೆಚ್ಚು ಜನ ಸತ್ತರು. 2012ರಲ್ಲಿ ಮಕ್ಕಳು ಮೂಸುತ್ತಿದ್ದ ಬಾಟಲಿ ವೈಟ್ನರ್‌ನ ಚಿಲ್ಲರೆ ಮಾರಾಟ ನಿಂತಿತು, ಮಕ್ಕಳ ಕೈಗೆ ಪಂಕ್ಚರ್ ಸೊಲ್ಯೂಷನ್ ಸಿಕ್ಕಿತು. ಅದನ್ನು ನಿಷೇಧಿಸುವುದಾದರೂ ಹೇಗೆ, ಊರಿನ ಸೈಕಲ್ಲು ಬೈಕು ಓಡಬೇಡವೇ? 2018ರಲ್ಲಿ ಟ್ರಮಡಾಲ್ ಮಾತ್ರೆಯನ್ನು ಮಾದಕ ವಸ್ತುಗಳ ಕಾಯ್ದೆಯಡಿ ತಂದರು. ಟ್ಯಾಪೆಂಟಡಾಲ್ ಅದರ ಜಾಗಕ್ಕೆ ಬಂತು. ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ನಿಯಮ ಇದಕ್ಕೂ ಇದೆ. ಇದ್ದೂ ಬೀದಿಗೆ ಬಂದಿದೆ. ಮೂಟೆ ಹೊರುವವರಲ್ಲಿ ಕೆಲವರಿಗೆ ಚಟ ಶುರುವಾಗುವುದೇ ಭುಜದ ನೋವಿನಿಂದ. ರಾತ್ರಿ ಎರಡಕ್ಕೆ ಲಾರಿ ಬರುತ್ತದೆ, ಹೆಗಲು ಏಳುವುದಿಲ್ಲ, ಪಕ್ಕದವನು ಒಂದು ಮಾತ್ರೆ ಕೊಡುತ್ತಾನೆ. ಮಗುವಿಗಾದರೆ ಸೊಲ್ಯೂಷನ್ ಹಸಿವನ್ನೂ ಚಳಿಯನ್ನೂ ಮರೆಸುತ್ತದೆ. ಅದೇ ಏಮ್ಸ್ ಸಮೀಕ್ಷೆಯಲ್ಲಿ ಮೂಸುವ ನಶೆ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು: ದೊಡ್ಡವರಲ್ಲಿ ಶೇ 0.58, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 1.17.

2020ರಲ್ಲಿ ಕನ್ನಡ ಚಿತ್ರರಂಗದ ಡ್ರಗ್ಸ್ ಪ್ರಕರಣ ಬಂದಾಗ ಟಿವಿಗಳು ತಿಂಗಳುಗಟ್ಟಲೆ ಬೇರೇನನ್ನೂ ತೋರಿಸಲಿಲ್ಲ. ಇಬ್ಬರು ನಟಿಯರು ಜೈಲಿನಲ್ಲಿದ್ದು ಬಂದರು. ಮುಂದೆ ಹೈಕೋರ್ಟ್ ಅವರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿತು. ಆ ಗದ್ದಲದ ಒಂದು ದಿನವಾದರೂ ಕ್ಯಾಮೆರಾ ಈ ಕಂಬದ ಬುಡಕ್ಕೆ ಬಂದದ್ದು ನಾನು ನೋಡಲಿಲ್ಲ.

ಕಾನೂನು ನಾವು ತಿಳಿದಷ್ಟು ಕುರುಡಾಗಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಕಲಮು ಇದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನವನ್ನೂ ಕಾಯಿಲೆಯ ವ್ಯಾಖ್ಯೆಗೆ ಸೇರಿಸಿ, ಸರ್ಕಾರಿ ಚಿಕಿತ್ಸೆಯನ್ನು ಹಕ್ಕಾಗಿಸಿದೆ. ಹಕ್ಕು ಪುಸ್ತಕದಲ್ಲಿದೆ. ಅದೇ ಏಮ್ಸ್ ಸಮೀಕ್ಷೆ ಹೇಳುವಂತೆ ಅಕ್ರಮ ಮಾದಕ ವಸ್ತುಗಳಿಗೆ ಅಂಟಿಕೊಂಡವರಲ್ಲಿ ತೀರ ಕೆಲವರಿಗೆ ಮಾತ್ರ ಚಿಕಿತ್ಸೆ ಸಿಕ್ಕಿದೆ.

ಬೆಂಗಳೂರಿಗೆ ಪರಿಣತಿಯ ಕೊರತೆಯಿಲ್ಲ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇಲ್ಲಿಂದ ನಾಲ್ಕೈದು ಕಿಲೋಮೀಟರ್, ದೇಶವೇ ಅದರಿಂದ ಕಲಿಯುತ್ತದೆ. ಬಾಸ್ಕೋ ಸಂಸ್ಥೆ 1980ರಿಂದ ಬೀದಿ ಮಕ್ಕಳ ನಡುವೆ ಇದೆ. ಆದರೆ ಮಾರ್ಕೆಟ್ಟಿನ ದಿನ ನಡುರಾತ್ರಿ ಶುರುವಾಗುತ್ತದೆ, ಆಸ್ಪತ್ರೆಗಳ ಹೊರರೋಗಿ ವಿಭಾಗದ ದಿನ ಬೆಳಿಗ್ಗೆ ಒಂಬತ್ತಕ್ಕೆ. ಅಷ್ಟರಲ್ಲಿ ಮೂಟೆ ಹೊತ್ತವನು ಮಾತ್ರೆ ನುಂಗಿ ಮಲಗಿರುತ್ತಾನೆ. ಅವನನ್ನು ನಿಮ್ಹಾನ್ಸ್‌ಗೆ ಹೋಗು ಎನ್ನುವುದು ಸುಲಭ. ಚಿಕಿತ್ಸೆಯೇ ಅವನ ಹತ್ತಿರ ಬರಬೇಕು. ವಿಕ್ಟೋರಿಯಾದ ಆವರಣದಲ್ಲಿ, ಮಾರ್ಕೆಟ್ಟಿನ ಕಡೆ ಬಾಗಿಲಿರುವ ಒಂದು ಕೋಣೆ ಸಾಕು: ರಾತ್ರಿಯಿಡೀ ತೆರೆದಿರಲಿ, ಆಧಾರ್ ಕೇಳದಿರಲಿ, ಖಾಕಿ ಹೊಸ್ತಿಲು ದಾಟದಿರಲಿ. ಸೂಜಿಯ ಹುಣ್ಣಿಗೆ ಮದ್ದು, ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಪರೀಕ್ಷೆ, ನಾಲಗೆಯಡಿ ಇಡುವ ಬುಪ್ರೆನಾರ್ಫಿನ್. ಈ ಬದಲಿ ಚಿಕಿತ್ಸೆ ಹೊಸದೇನಲ್ಲ; ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ದೇಶದ ಹಲವೆಡೆ ವರ್ಷಗಳಿಂದ ಕೊಡುತ್ತಿದೆ.

ಇನ್ನು ನಲಾಕ್ಸೋನ್. ಅಫೀಮು ಗುಂಪಿನ ಮದ್ದಿನಿಂದ ಉಸಿರು ನಿಂತವನಿಗೆ ಹೊತ್ತಿಗೆ ಸರಿಯಾಗಿ ಕೊಟ್ಟರೆ ನಿಮಿಷಗಳಲ್ಲಿ ಉಸಿರು ತರುವ ಔಷಧ. ಅತಿಸೇವನೆಯನ್ನು ಎದುರು ಕಾಣುವ ಸಾಧ್ಯತೆ ಇರುವ ಜನಸಾಮಾನ್ಯರ ಕೈಗೂ ಇದು ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ನಮ್ಮ ಪ್ರತಿ 108 ಆಂಬುಲೆನ್ಸಿನಲ್ಲಿ, ಮಾರುಕಟ್ಟೆಯ ಠಾಣೆಯಲ್ಲಿ ಇದು ಇರಲೇಬೇಕು. ಜೈಲಿನಿಂದ, ವ್ಯಸನಮುಕ್ತಿ ಕೇಂದ್ರದಿಂದ ಹೊರಬರುವ ಪ್ರತಿಯೊಬ್ಬನ ಮನೆಯವರಿಗೂ ‘ಹಳೆಯ ಅಳತೆ ಈಗ ಕೊಲ್ಲುತ್ತದೆ’ ಎಂಬ ಎಚ್ಚರಿಕೆಯನ್ನು ಬಾಯಿಬಿಟ್ಟು ಹೇಳಬೇಕು. ಸೊಲ್ಯೂಷನ್ ಮೂಸುವ ಮಗುವಿಗೆ ನಲಾಕ್ಸೋನ್ ಕೆಲಸ ಮಾಡುವುದಿಲ್ಲ. ಅದಕ್ಕೆ ಮದ್ದು ಊಟ, ಮಲಗಲು ಜಾಗ, ದಿನಾ ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯ. ವಾಹನದಲ್ಲಿ ತುಂಬಿಕೊಂಡು ಹೋಗಿ ಇನ್ನೊಂದು ಕಡೆ ಇಳಿಸುವುದಲ್ಲ.

ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಹಬ್ಬಕ್ಕೆ ಹೂವಿಗೆ ಹೋದಾಗ ಯಾರಾದರೂ ಬಿದ್ದಿದ್ದರೆ ದಾಟಿಕೊಂಡು ಹೋಗಬೇಡಿ. ತುಟಿ ನೀಲಿಗಟ್ಟಿದೆಯೇ, ಗೊರಗೊರ ಸದ್ದಿನ ನಿಧಾನದ ಉಸಿರೇ ನೋಡಿ. ಭುಜ ಅಲುಗಿಸಿ ಕೂಗಿ. ಏಳದಿದ್ದರೆ 108ಕ್ಕೆ ಫೋನ್ ಮಾಡಿ; ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಹನ ಬರುವವರೆಗೆ ಅಲ್ಲೇ ಇರಿ. ಮಗುವಾದರೆ ಮಕ್ಕಳ ಸಹಾಯವಾಣಿ 1098. ನಿಮ್ಮ ಮನೆಯಲ್ಲೇ ಇಂಥವರಿದ್ದರೆ ಮಾದಕ ವ್ಯಸನದ ಸಹಾಯವಾಣಿ 14446ಕ್ಕೋ, ಟೆಲಿ ಮಾನಸ್‌ನ 14416ಕ್ಕೋ ಈವತ್ತೇ ಕರೆ ಮಾಡಿ.