ಮೊಣಕಾಲು ನೋವು: ಔಷಧಿಯೂ ಪರೀಕ್ಷೆಗೆ ಒಳಗಾಗಲಿ

ಶ್ರೀಮಠದ ದರ್ಶನಕ್ಕೆ ಬರುವ ತಾಯಂದಿರಲ್ಲಿ ಅನೇಕರು ನೆಲದ ಮೇಲೆ ಕುಳಿತರೆ ಕಂಬವನ್ನೋ ಮಗಳ ಹೆಗಲನ್ನೋ ಹಿಡಿಯದೆ ಏಳಲಾರರು. ಕಲಬುರಗಿಯ ನಮ್ಮ ಚಿಕಿತ್ಸಾಲಯದಲ್ಲಿಯೂ, ವಾರಕ್ಕೊಮ್ಮೆ ಕಮಲಾಪುರಕ್ಕೆ ಹೋದಾಗಲೂ ನಾವು ಹೆಚ್ಚಾಗಿ ಕೇಳುವುದು ಮೊಣಕಾಲಿನ ನೋವನ್ನೇ. ತೊಗರಿ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆದವರು, ತಲೆಯ ಮೇಲೆ ಕೊಡ ಹೊತ್ತವರು ಐವತ್ತು ದಾಟುತ್ತಲೇ, "ಡಾಕ್ಟ್ರೇ, ಮಣಕಾಲು ಸವದ್ ಹೋಗ್ಯಾವ್ರಿ" ಎನ್ನುತ್ತಾರೆ. ಮರುಕ್ಷಣವೇ, "ಆಯುರ್ವೇದದ ಔಷಧಿ ಕೊಡ್ರಿ, ಅದರಿಂದ ಏನೂ ತ್ರಾಸ ಆಗಂಗಿಲ್ಲ" ಎನ್ನುತ್ತಾರೆ. ಈ ಎರಡು ಮಾತುಗಳೂ ಪೂರ್ಣ ಸತ್ಯವಲ್ಲವೆಂದು ಭಕ್ತರಲ್ಲಿ ಅರಿಕೆ ಮಾಡಿಕೊಳ್ಳಬಯಸುತ್ತೇವೆ.

ಮೊದಲನೆಯದು ಸವೆತದ ಮಾತು. ಎಲುಬಿನ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಯು ಬಂಡಿಯ ಅಚ್ಚಿನಂತೆ ನಿರ್ಜೀವ ವಸ್ತುವಲ್ಲ. ಅತಿಭಾರ, ಹಳೆಯ ಪೆಟ್ಟು, ಬೊಜ್ಜು, ವಯಸ್ಸು ಇವುಗಳಿಂದ ಕೆರಳಿದ ಅದರ ಜೀವಕೋಶಗಳು ತಮ್ಮ ಸುತ್ತಲಿನ ಹಂದರವನ್ನು ತಾವೇ ಕರಗಿಸುವ ಕಿಣ್ವಗಳನ್ನು ಸ್ರವಿಸುತ್ತವೆ. ಕೀಲಿನ ಒಳಪೊರೆಯು ಉರಿಯೂತಕ್ಕೆ ಒಳಗಾಗುತ್ತದೆ. ಕೆಳಗಿನ ಎಲುಬು ಗಡುಸಾಗಿ ಅಂಚಿನಲ್ಲಿ ಮುಳ್ಳಿನಂತೆ ಬೆಳೆಯುತ್ತದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ನಡೆಯುವಾಗ ಒತ್ತಿ ಬಿಡುವ ಚಲನೆಯಿಂದ ಕೀಲಿನ ದ್ರವವೇ ಅದಕ್ಕೆ ಆಹಾರವನ್ನು ಒದಗಿಸುತ್ತದೆ. ಕೀಲುಗಳನ್ನು ಜಿಡ್ಡಾಗಿ ಇರಿಸುವ ಶ್ಲೇಷಕ ಕಫವನ್ನೂ, ಅದು ಕ್ಷೀಣಿಸಿದಾಗ ತಲೆದೋರುವ ಸಂಧಿಗತವಾತವನ್ನೂ ನಮ್ಮ ಆಚಾರ್ಯರು ಗುರುತಿಸಿದ್ದರು.

ಇದನ್ನು ಓದಿಯೂ ನಾವು ತಪ್ಪಿದ್ದುಂಟು. ಇಪ್ಪತ್ತು ವರ್ಷಗಳ ಹಿಂದೆ ಕಮಲಾಪುರದ ಒಬ್ಬ ತಾಯಿಗೆ, "ಕಾಲು ಸವೆದಿದೆ, ಇನ್ನು ನಡೆಯಬೇಡಿ" ಎಂದು ಹೇಳಿ ಕಳುಹಿಸಿದೆವು. ವರ್ಷ ಕಳೆಯುವಷ್ಟರಲ್ಲಿ ತೊಡೆಯ ಸ್ನಾಯುಗಳು ಕರಗಿ, ಮೈತೂಕ ಏರಿ, ಅವರಿಗೆ ಹೊಸ್ತಿಲು ದಾಟುವುದೂ ಕಷ್ಟವಾಯಿತು. ಅವರನ್ನು ಕೂರಿಸಿದ್ದು ರೋಗಕ್ಕಿಂತ ಹೆಚ್ಚಾಗಿ ನಮ್ಮ ಮಾತು.

ಎರಡನೆಯದು, ಆಯುರ್ವೇದದಿಂದ ತೊಂದರೆಯೇ ಇಲ್ಲವೆಂಬ ನಂಬಿಕೆ. ಕಲಬುರಗಿಯಿಂದ ಪುಣೆಗೆ ಹೋಗುವ ರೈಲು ಸೊಲ್ಲಾಪುರ ದಾಟಿದ ಮೇಲೆ ಭಿಗವಣ್ ಎಂಬ ಊರನ್ನು ಹಾದುಹೋಗುತ್ತದೆ. ಪುಣೆಯ ಸಂಧಿವಾತ ತಜ್ಞರಾದ ಡಾ. ಅರವಿಂದ ಚೋಪ್ರಾ ಅವರು 1996ರಲ್ಲಿ ಆ ಊರಿನಲ್ಲಿ ಕೀಲುನೋವುಗಳ ಮನೆಮನೆ ಸಮೀಕ್ಷೆಯನ್ನು ಆರಂಭಿಸಿದರು. ಆಧುನಿಕ ವೈದ್ಯರಾದ ಅವರೇ ಮುಂದೆ ನಮ್ಮ ಔಷಧಿಗಳನ್ನೂ ಪರೀಕ್ಷೆಗೆ ಒಡ್ಡಿದರು. ಮೊಣಕಾಲು ನೋವಿನ 440 ರೋಗಿಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಎರಡು ಗುಂಪುಗಳಿಗೆ ಶುಂಠಿ, ಅಮೃತಬಳ್ಳಿ ಮುಂತಾದವುಗಳ ಆಯುರ್ವೇದ ಯೋಗಗಳನ್ನು, ಉಳಿದವುಗಳಿಗೆ ಗ್ಲೂಕೋಸಮೈನ್ ಮತ್ತು ಸೆಲೆಕಾಕ್ಸಿಬ್ ಮಾತ್ರೆಗಳನ್ನು 24 ವಾರ ಕೊಡಲಾಯಿತು. ಯಾರಿಗೆ ಯಾವ ಔಷಧಿ ಎಂಬುದು ರೋಗಿಗೂ ತಿಳಿದಿರಲಿಲ್ಲ, ವೈದ್ಯನಿಗೂ ತಿಳಿದಿರಲಿಲ್ಲ. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೋವು ತಗ್ಗಿಸುವಲ್ಲಿ ನಮ್ಮ ಔಷಧಿಗಳು ಉಳಿದೆರಡಕ್ಕೆ ಸರಿಸಮನಾಗಿದ್ದವು.

ಇಷ್ಟನ್ನೇ ಹೇಳಿ ಚಪ್ಪಾಳೆ ತಟ್ಟುವ ವೈದ್ಯಮಿತ್ರರು ನಮ್ಮಲ್ಲಿ ಬಹಳ. ಅದೇ ವರದಿಯ ಇನ್ನೊಂದು ಸಾಲನ್ನು ಅವರು ಓದುವುದಿಲ್ಲ. 17 ರೋಗಿಗಳಲ್ಲಿ ಯಕೃತ್ತಿನ ಎಸ್‌ಜಿಪಿಟಿ ಅಂಶ ಏರಿತ್ತು. ಅವರಲ್ಲಿ ಹೆಚ್ಚಿನವರು ಆಯುರ್ವೇದ ಔಷಧಿ ಸೇವಿಸಿದವರು. ಹೊರಗೆ ಯಾವ ಲಕ್ಷಣವೂ ಇರಲಿಲ್ಲ. ಏಳು ಮಂದಿಗೆ ಔಷಧಿಯನ್ನು ನಿಲ್ಲಿಸಿದ ಮೇಲೆ ಅದು ಸಹಜಸ್ಥಿತಿಗೆ ಮರಳಿತು. ರಕ್ತಪರೀಕ್ಷೆ ಮಾಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಯುರ್ವೇದಕ್ಕೆ ಗೌರವ ತಂದದ್ದು ಈ ಪ್ರಾಮಾಣಿಕತೆಯೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ನುಡಿ ನಡೆಗಳು ಒಂದಾಗಿರಬೇಕೆಂದು ಶರಣರು ಕಲಿಸಿದ ನಾಡಿನಲ್ಲಿ ಗುಣವನ್ನು ಸಾರಿ ದೋಷವನ್ನು ಮುಚ್ಚಿಡುವುದು ವೈದ್ಯಧರ್ಮವಲ್ಲ.

ಆದುದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ತಿಂಗಳುಗಟ್ಟಲೆ ಔಷಧಿ ಸೇವಿಸುವುದಾದರೆ, ಮೊದಲೂ ನಡುವೆಯೂ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿರಿ. ನಿಮ್ಮ ವೈದ್ಯರು ಹೇಳದಿದ್ದರೆ ನೀವೇ ಕೇಳಿರಿ. ಸಂತೆ ಜಾತ್ರೆಗಳಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ಪುಡಿಗಳನ್ನು ಮುಟ್ಟಬೇಡಿರಿ; ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ಮೈತೂಕ ಇಳಿಸಿರಿ. ಅಮೆರಿಕದ ಡಾ. ಡೇವಿಡ್ ಫೆಲ್ಸನ್ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವರ್ಷಗಳಲ್ಲಿ ಸುಮಾರು 5 ಕಿಲೋ ಇಳಿಸಿಕೊಂಡ ಮಹಿಳೆಯರಿಗೆ ಈ ರೋಗ ಬರುವ ಸಂಭವ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು.

ಕುಕ್ಕರಗಾಲನ್ನು ಬಿಡಿರಿ, ನಡಿಗೆಯನ್ನು ಬಿಡಬೇಡಿರಿ. ಕುರ್ಚಿಯ ಮೇಲೆ ಕುಳಿತು, ಒಂದೊಂದೇ ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಿರಿ. ಹೀಗೆ ಹತ್ತು ಬಾರಿ, ದಿನಕ್ಕೆರಡು ಹೊತ್ತು. ಇಷ್ಟಲಿಂಗ ಪೂಜೆಯನ್ನು ಕುರ್ಚಿಯ ಮೇಲೆ ಕುಳಿತು ಮಾಡಿದರೂ ಭಕ್ತಿಗೆ ಕೊರತೆಯಿಲ್ಲ. ಕಮಲಾಪುರದ ಆ ತಾಯಿಗೆ ನಾವು ಮೊದಲೇ ಹೇಳಬೇಕಾಗಿದ್ದುದು ಇದನ್ನೇ.